ಎಣಿಸದ ಹಿಂಡು

ಜುಲೈ ೮, ಮಂಗಳವಾರ. ಮಾನ್ವಿ
೨೨ ವಾರ ೨ ದಿನ

ಈ ನೋಟುಬುಕ್ಕು ನಮ್ಮನೆಯವರು, ಅಂಬರೀಶ, ಅಕ್ಕಿ ಮಿಲ್ಲಿನಿಂದ ತಂದುಕೊಟ್ಟದ್ದು. ಮಲಗಿ ಮಲಗಿ ತಲೆ ಕೆಟ್ಟೀತು, ಏನಾದರೂ ಬರಿ ಎಂದರು. ಬರೆಯಲು ಏನಿದೆ? ಎಡಮಗ್ಗುಲು, ಬಲಮಗ್ಗುಲು, ಫ್ಯಾನು. ಮಂಚದ ಕಾಲಕಡೆ ಎರಡೆರಡು ಇಟ್ಟಿಗೆ ಇಟ್ಟು ಎತ್ತರ ಮಾಡಿದ್ದಾರೆ. ತಲೆ ತಗ್ಗಿನಲ್ಲಿ, ಕಾಲು ಏರಿನಲ್ಲಿ. ಲೋಕವೇ ಸ್ವಲ್ಪ ವಾಲಿದ ಹಾಗೆ ಕಾಣುತ್ತದೆ.

ರಾಯಚೂರಿನಲ್ಲಿ ಡಾಕ್ಟರ್ ಮೇಡಂ ಹೊಲಿಗೆ ಹಾಕಿ ಕಳಿಸಿ ಒಂಬತ್ತು ದಿನವಾಯಿತು. ನನ್ನ ಗರ್ಭಚೀಲದ ಬಾಯಿ ಸಡಿಲವಂತೆ, ಭಾರ ತಡೆಯುವುದಿಲ್ಲವಂತೆ. ಮೊದಲನೆಯದು ಹತ್ತೊಂಬತ್ತನೇ ವಾರಕ್ಕೆ ಹೋಯಿತು. ಎರಡನೆಯದು ೨೩ ವಾರ ೪ ದಿನಕ್ಕೆ. ಇದನ್ನು ಹೇಗಾದರೂ ಮಾಡಿ ಮೂವತ್ತನಾಲ್ಕು ವಾರ ಮುಟ್ಟಿಸೋಣ, ಆಮೇಲೆ ಮಗುವಿನ ಕಾಳಜಿ ನನಗೆ ಬಿಡಿ ಎಂದಿದ್ದಾರೆ. ಇನ್ನು ಎಂಬತ್ತೆರಡು ದಿನ. ಎದುರು ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಕೆಂಪು ಗೀಟು ಹಾಕುವ ಕೆಲಸ ಅಂಬರೀಶರದು. ಮರೆತರೆ ನಾನು ನೆನಪಿಸುತ್ತೇನೆ.

ಕೈ ಮಾತ್ರ ಆಡಿಸಬಹುದು. ಆದ್ದರಿಂದ ನಕ್ಷತ್ರದ ಆಟ. ಅದರ ಹೆಸರು ಇಂಗ್ಲಿಷಿನಲ್ಲಿ ಮಾರುದ್ದ ಇದೆ, ನಾವೆಲ್ಲ ಹೀಗೇ ಕರೆಯುವುದು. ನಾಲ್ಕು ವರ್ಷದಿಂದ ಫೋನಿನಲ್ಲಿ ಆಡುತ್ತಿದ್ದೇನೆ. ಒಬ್ಬೊಬ್ಬರಿಗೆ ಒಂದೊಂದು ಗ್ರಹ. ಗಣಿ ತೋಡಿ, ಹಡಗು ಕಟ್ಟಿ, ಬೇರೆಯವರಿಂದ ಕಾಪಾಡಿಕೊಳ್ಳಬೇಕು. ಎರಡು ಹೊಳೆಗಳ ನಡುವಿನ ನಮ್ಮ ಜಿಲ್ಲೆಯವರ ಕೂಟಕ್ಕೆ ‘ದೋಆಬ್’ ಎಂದು ಹೆಸರು. ನಾನು ಅದರ ದಂಡನಾಯಕಿ. ಆಗಿದ್ದೆ. ರಾಯಚೂರಿನ ಔಷಧಿ ಅಂಗಡಿಯ ಮಲ್ಲೇಶ ಕೂಟದ ಮುಖ್ಯಸ್ಥ. ನನ್ನ ಸ್ಥಿತಿ ಗೊತ್ತಾದ ಮೇಲೆ, ‘ಯುದ್ಧದ ತಲೆನೋವು ನಿಮಗ್ಯಾಕ್ರೀ ಮೇಡಂ, ಹೊಸಬರಿಗೆ ಪಾಠ ಹೇಳ್ರಿ’ ಎಂದು ಹನ್ನೊಂದು ಜನರನ್ನು ನನ್ನ ಕೊರಳಿಗೆ ಕಟ್ಟಿದ. ಸಿಟ್ಟು ಬಂತು. ಹನ್ನೊಂದೂ ಕುರಿಗಳು.

ಜುಲೈ ೧೧, ಶುಕ್ರವಾರ
೨೨ ವಾರ ೫ ದಿನ

ನನ್ನನ್ನು ನೋಡಿಕೊಳ್ಳಲು ಒಬ್ಬ ಹೆಂಗಸು ಬಂದಿದ್ದಾಳೆ. ಅಯ್ಯಮ್ಮ, ದೇವದುರ್ಗದ ಕಡೆಯವಳು, ಅರವತ್ತರ ಹತ್ತಿರ. ಗಂಡ ಹನುಮಂತ್ರಾಯ, ಮಗ ಪ್ರಭುರಾಜ ಇಬ್ಬರೂ ಕುರಿ ಹಿಂಡಿನ ಹಿಂದೆ ಊರೂರು ತಿರುಗುತ್ತಾರೆ. ಇವಳೂ ನಲವತ್ತು ವರ್ಷ ತಿರುಗಿದವಳೇ. ಮೊಣಕಾಲು ಕೈಕೊಟ್ಟ ಮೇಲೆ ನಿಂತಿದ್ದಾಳೆ. ಮಾತು ಕಮ್ಮಿ. ನೋಡುವುದು ಮಾತ್ರ ಜಾಸ್ತಿ. ಎಷ್ಟು ನೋಡುತ್ತಾಳೆಂದರೆ ನನಗೆ ಮುಜುಗರವಾಗುತ್ತದೆ.

ಬೆಳಿಗ್ಗೆ ಅತ್ತೆ ಅನ್ನಮ್ಮನವರು ಪಕ್ಕದ ಕೋಣೆಯಲ್ಲಿ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಪೂಜೆಗೆ ಕೂತಿದ್ದರು. ನಾನು ಇಲ್ಲಿ ಫೋನು ಹಿಡಿದಿದ್ದೆ. ಅಯ್ಯಮ್ಮ ಬಾಗಿಲಲ್ಲಿ ನಿಂತು ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ನೋಡಿ, “ನೀನೂ ಅತ್ತಿಯಂಗ ಅಂಗೈಯಾಗ ಇಟಗೊಂಡು ರೆಪ್ಪಿ ಬಡೀಲಾರ್ದಂಗ ನೋಡ್ತಿ” ಎಂದಳು. ಅತ್ತೆಗೆ ಕೇಳಿಸಿದ್ದರೆ ಇಬ್ಬರಿಗೂ ಮಂಗಳಾರತಿ ಆಗುತ್ತಿತ್ತು.

ಜುಲೈ ೧೭, ಗುರುವಾರ
೨೩ ವಾರ ೪ ದಿನ

ಇವತ್ತೇ ಆ ದಿನ. ಹೋದ ಸಲ ಇದೇ ಲೆಕ್ಕಕ್ಕೆ, ಮಧ್ಯಾಹ್ನ ಊಟದ ತಟ್ಟೆ ಎತ್ತುವಾಗ ಸೊಂಟದಲ್ಲಿ ಚಳಕು ಬಂದಿತ್ತು. ಬೆಳಿಗ್ಗೆಯಿಂದ ಹೆದರಿಕೆ ಆಗುತ್ತಿದೆ. ಯಾರಿಗೂ ಹೇಳಿಲ್ಲ. ಅಂಬರೀಶರಿಗೂ ಈ ಲೆಕ್ಕ ಗೊತ್ತು ಅಂತ ಕಾಣುತ್ತದೆ. ಮಿಲ್ಲಿನಿಂದ ನಾಲ್ಕು ಸಲ ಫೋನು ಮಾಡಿ, ನಾಲ್ಕು ಸಲವೂ ಊಟ ಆಯಿತಾ ಎಂದು ಕೇಳಿದರು.

ಆಟದಲ್ಲಾದರೂ ಮನಸ್ಸು ಇಡೋಣವೆಂದರೆ ಅಲ್ಲಿ ಇನ್ನೊಂದು ಗೋಳು. ಹೊಸಬರಲ್ಲಿ ಏಳು ಜನರ ಹಡಗು ಒಂದೇ ವಾರದಲ್ಲಿ ಹೋಗಿವೆ. ಮೊದಲ ದಿನವೇ ಪಟ್ಟಿ ಮಾಡಿ ಕಳಿಸಿದ್ದೆ: ನೀವು ಮಲಗಿದರೂ ಆಟ ಮಲಗುವುದಿಲ್ಲ. ಗ್ರಹದಲ್ಲಿ ನಿಂತ ಹಡಗನ್ನು ಯಾರು ಬೇಕಾದರೂ ಬಂದು ಹೊಡೆಯಬಹುದು, ದಾರಿಯಲ್ಲಿರುವುದನ್ನು ಹೊಡೆಯಲು ಬರುವುದಿಲ್ಲ. ಆದ್ದರಿಂದ ಫೋನು ಕೆಳಗಿಡುವ ಮೊದಲು ಹಡಗುಗಳನ್ನು ಉದ್ದನೆಯ ಪ್ರಯಾಣಕ್ಕೆ ಕಳಿಸಿ; ನೀವು ಏಳುವ ಹೊತ್ತಿಗೆ ಅವು ವಾಪಸು ಬರುವಂತೆ ವೇಳೆ ಹೊಂದಿಸಿ. ಇಷ್ಟೇ ಪಾಠ. ಯರಗೇರಾದ ಕ್ಯಾಂಪಸ್ಸಿನಲ್ಲಿ ಎಂ.ಎಸ್ಸಿ. ಓದುವ ಯಂಕೋಬ, ‘ಬಸ್ಸಿನಾಗ ನಿದ್ದಿ ಹತ್ತಿಬಿಡ್ತು ಮೇಡಂ’ ಎಂದು ಬರೆದಿದ್ದ. ನಾನು ಫೋನಿಗೇ ಬೈದೆ: ತಲೆಯಿಲ್ಲದ ಕುರಿಗಳು.

ಅಯ್ಯಮ್ಮ ಕಾಲೊತ್ತುತ್ತಿದ್ದವಳು ಕೈ ನಿಲ್ಲಿಸಿದಳು. ಯಾರಿಗೆ ಹಾಗೆ ಅಂದದ್ದು ಎಂದು ಕೇಳಿದಳು. ಹೇಳಿದೆ. ಅವಳಿಗೆ ನಿಜವಾಗಿಯೂ ನೋವಾಗಿತ್ತು.

“ಕುರಿ ದಡ್ಡ ಅಲ್ಲ ಯವ್ವಾ. ಒಂದು ಸಲ ಹಾದಿ ತೋರಿಸಿದ್ರ ಸಾಯೋತನಕ ಮರಿಯಂಗಿಲ್ಲ ಅದು. ತೋರಿಸಾವ್ರು ದಡ್ಡ ಇರ್ತಾರ.”

ಮೂವತ್ತೆರಡು ವರ್ಷದ ನನಗೆ, ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಆರು ವರ್ಷ ಪಾಠ ಮಾಡಿದ ನನಗೆ, ಈ ಮಾತು. ಸಿಟ್ಟಿನಲ್ಲೇ ಫೋನು ತಿರುಗಿಸಿ ತೋರಿಸಿದೆ: ನೋಡು, ಇದು ಯಂಕೋಬನ ಗ್ರಹ, ಹಡಗುಗಳೆಲ್ಲ ಇಲ್ಲಿ ನಿಂತಿದ್ದವು, ಇವನು ಮಲಗಿದ, ಅವರು ಬಂದರು. ಅವಳು ಕಣ್ಣು ಕಿರಿದು ಮಾಡಿ ನೋಡಿದಳು. ಹಿಂಡನ್ನು ಒಂದೇ ಕಡೆ ನಿಲ್ಲಿಸಿ ಕಾವಲಿಲ್ಲದೆ ಎಲ್ಲರೂ ಮಲಗಿದರೇ ಎಂದು ಕೇಳಿದಳು. ಮತ್ತೆ ಹೇಗೆ ಮಾಡಬೇಕಿತ್ತು ಎಂದು ನಾನು ಕೇಳಿದ್ದಕ್ಕೆ, ಇದೇನು ಕೇಳುವ ಮಾತೇ ಎನ್ನುವಂತೆ, “ನಡಸ್ತಾ ಇರಬೇಕು. ನಡಿಯೋ ಹಿಂಡಿಗಿ ಕಳ್ಳ ಬರಂಗಿಲ್ಲ” ಎಂದಳು.

ನಾಲ್ಕು ವರ್ಷದಲ್ಲಿ ಒಬ್ಬರಿಗೂ ಒಂದೇ ಸಲಕ್ಕೆ ತಿಳಿಯದ ಪಾಠ. ನಾನು ಅವಳ ಮುಖವನ್ನೇ ನೋಡುತ್ತ ಉಳಿದೆ. ಮಧ್ಯಾಹ್ನ ಯಾವಾಗ ಕಳೆಯಿತೋ ತಿಳಿಯಲಿಲ್ಲ.

ಜುಲೈ ೧೮, ಶುಕ್ರವಾರ
೨೩ ವಾರ ೫ ದಿನ

ದಾಟಿತು.

ಆಗಸ್ಟ್ ೧, ಶುಕ್ರವಾರ
೨೫ ವಾರ ೫ ದಿನ

ಅಯ್ಯಮ್ಮನಿಗೂ ಒಂದು ಗ್ರಹ ಮಾಡಿಕೊಟ್ಟೆ. ಪ್ರಭುರಾಜ ಕೊಟ್ಟ ಹಳೆಯ ಫೋನು ಅವಳ ಸೊಂಟದ ಚೀಲದಲ್ಲೇ ಇತ್ತು. ಅಕ್ಷರ ಬಾರದು, ಚಿತ್ರ ಸಾಕು. ಗ್ರಹಕ್ಕೆ ಏನು ಹೆಸರಿಡಲಿ ಎಂದರೆ ‘ಹಟ್ಟಿ’ ಎಂದಳು. ಕೂಟದವರೆಲ್ಲ ಚಿನ್ನದ ಗಣಿಯ ಹಟ್ಟಿ ಎಂದುಕೊಂಡು, ಹೊಸಬರು ಭಾರಿ ಆಸೆಯವರು ಎಂದು ನಕ್ಕರು. ಅವಳು ಹೇಳಿದ್ದು ಕುರಿ ಕೂಡುವ ಹಟ್ಟಿ.

ಅವಳಿಗೆ ಪೂರ್ತಿ ಆಕಾಶ ತೋರಿಸಿದೆ. ಎರಡು ಬೆರಳು ಒಳಗೆ ಎಳೆದರೆ ಗ್ರಹ ಚಿಕ್ಕದಾಗಿ, ಸೂರ್ಯ ಚಿಕ್ಕದಾಗಿ, ಕೊನೆಗೆ ಕಪ್ಪಿನ ಮೇಲೆ ಸಾವಿರಾರು ಚುಕ್ಕಿ. ನಾನು ದಿನಕ್ಕೆ ನೂರು ಸಲ ಮಾಡುವ ಕೆಲಸ ಅದು. ಅವಳು ಸೆರಗು ಬಾಯಿಗೆ ಹಿಡಿದಳು. ಇದರಲ್ಲಿ ಬೆಳ್ಳಿ ಚಿಕ್ಕಿ ಯಾವುದು ಎಂದು ಕೇಳಿದಳು. ಅದು ಮೂಡಿದಾಗಲೇ ಅವರು ಹಿಂಡು ಎಬ್ಬಿಸುವುದಂತೆ. ಇದು ಬೇರೆ ಆಕಾಶ, ಇದರಲ್ಲಿ ಅದಿಲ್ಲ ಎಂದೆ. ಹೇಳಿದ ಮೇಲೆ ನನಗೂ ಬೇಸರವಾಯಿತು. ನಾನು ನಿಜವಾದ ಚುಕ್ಕಿ ನೋಡಿ ತಿಂಗಳ ಮೇಲಾಗಿದೆ.

ಸಂಜೆ ಹೊಸ ಹಡಗು ಎಷ್ಟಾದವು ಎಂದು ಕೇಳಿದೆ. “ಅದಾವ” ಎಂದಳು. ಎಷ್ಟು? “ಅದಾವಲ್ಲ.” ನಾನು ಬಿಡಲಿಲ್ಲ. ಆಗ ಹೇಳಿದಳು, ಅವರ ಮನೆತನದಲ್ಲಿ ಹಿಂಡನ್ನು ಎಣಿಸುವುದಿಲ್ಲವಂತೆ. ಎಣಿಸಿದರೆ ಕಣ್ಣು ತಾಗುತ್ತದೆ.

“ಹಂಗಾರ ಒಂದು ಕಳದ್ರ ಹ್ಯಾಂಗ ಗೊತ್ತಾಗ್ತದ, ಅಯ್ಯಮ್ಮವ್ವ?”

“ಮಾರಿ ನೋಡ್ತೀವಲ್ಲ. ಯಾವ ಮಾರಿ ಕಾಣಂಗಿಲ್ಲೋ ಅದು ಇಲ್ಲ. ಎಲ್ಲಾ ಮಾರಿ ಕಂಡ್ರ ಎಲ್ಲಾ ಅದಾವ. ಎಣಿಕಿ ಯಾಕ ಬೇಕು?”

ಮುಖ ನೋಡಿಯೇ ತಿಳಿಯುತ್ತದಂತೆ. ಆಮೇಲೆ ಗೋಡೆಯ ಕ್ಯಾಲೆಂಡರಿನ ಕೆಂಪು ಗೀಟುಗಳ ಕಡೆ ನೋಡಿದಳು. ಆ ನೋಟ ನನ್ನನ್ನು ಕೆಣಕಿತು. ಓದಿದವಳು ನಾನು, ಲೆಕ್ಕವೇ ನನ್ನ ಧೈರ್ಯ. ಇನ್ನು ಐವತ್ತೆಂಟು ದಿನ.

ಆಗಸ್ಟ್ ೧೦, ಭಾನುವಾರ
೨೭ ವಾರ

ರಾಯಚೂರಿನಲ್ಲಿ ರವಿಕೆ ಹೊಲಿಯುವ ಗುಲ್ಶನ್ ಬೇಗಂ ಹೊಸಬರಲ್ಲಿ ಹಿರಿಯರು. ಸಂಜೆ ಮಷೀನಿಗೆ ಮುಸುಕು ಹಾಕಿ ಏಳು ಗಂಟೆಗೆ ಸರಿಯಾಗಿ ಹಡಗು ಕಳಿಸುತ್ತಾರೆ. ಇವತ್ತು ಕಳಿಸುವಾಗ ಗುಂಪಿನಲ್ಲಿ ‘ನಾ ಹೊಂಟೆ’ ಎಂದು ಹಾಕಿದರು. ನಾನು ಓದಿ ಹೇಳಿದ್ದೇ ತಡ, ಅಯ್ಯಮ್ಮ ಫೋನು ಇಸಿದುಕೊಂಡು ಧ್ವನಿ ಸಂದೇಶ ಕಳಿಸಿದಳು:

“ಹೊಂಟೆ ಅಂತ ಹೊಂಟ್ರ ಹೊಳ್ಳಿ ಬರೋದು ಹ್ಯಾಂಗ ಯವ್ವಾ? ಹೋಗಿ ಬರ್ತೀನಿ ಅನ್ನು.”

ಗುಂಪಿನಲ್ಲಿ ನಗು. ಆದರೆ ಗುಲ್ಶನ್ ಬೇಗಂ ತಿದ್ದಿ ‘ಹೋಗಿ ಬರ್ತೀನ್ರಿ’ ಎಂದು ಬರೆದರು. ಅದರ ಬೆನ್ನಿಗೆ ಪೋತ್ನಾಳದ ಸಿಮೆಂಟ್ ಅಂಗಡಿಯ ಬೂದೆಪ್ಪ: ಹೋಗಿ ಬರ್ತೀನ್ರಿ. ಅವನ ಹಿಂದೆ ಯಂಕೋಬ. ಅವನ ಹಿಂದೆ ಇನ್ನೊಬ್ಬರು. ಒಂದು ತಿಂಗಳಿಂದ ಪಟ್ಟಿ, ವೇಳಾಪಟ್ಟಿ, ಬೈಗುಳ ಎಲ್ಲ ಮಾಡಿ ಸೋತಿದ್ದೆ. ಇವತ್ತು ಒಬ್ಬರನ್ನು ನೋಡಿ ಒಬ್ಬರು ಹೊರಟರು. ಅಯ್ಯಮ್ಮನಿಗೆ ಇದರಲ್ಲೇನೂ ಆಶ್ಚರ್ಯವಿಲ್ಲ. ಮುಂದಿನದು ಹೋದರೆ ಹಿಂದಿನವು ಹೋಗುತ್ತವೆ, ಮುಂದೆ ಯಾರನ್ನು ಬಿಡಬೇಕು ಅನ್ನುವುದಷ್ಟೇ ಕುರಿಗಾರರು ನೋಡಬೇಕಾದ್ದು ಎಂದಳು.

ನಕ್ಷೆ ತೆರೆದೆ. ಹನ್ನೊಂದು ಗ್ರಹಗಳಿಂದ ಹನ್ನೊಂದು ಹಸಿರು ಗೆರೆ ನಿಧಾನವಾಗಿ ಕತ್ತಲೆಯೊಳಗೆ ಚಾಚುತ್ತಿದ್ದವು. ಹನ್ನೆರಡನೆಯದು ಅಯ್ಯಮ್ಮನದು, ಸಣ್ಣದು. ನಾಲ್ಕು ವರ್ಷ ಈ ಆಟದಲ್ಲಿ ಎಷ್ಟೋ ಗ್ರಹ ಹೊಡೆದಿದ್ದೇನೆ, ಇಷ್ಟು ಚಂದದ್ದು ಒಂದೂ ನೋಡಿರಲಿಲ್ಲ. ಅಯ್ಯಮ್ಮ ಪರದೆಯ ಮೇಲೆ ಬೆರಳು ತಾಗಿಸದೆ ಒಂದೊಂದೇ ಗೆರೆಗೆ ಕೈಮಾಡಿ ಕಳಿಸಿಕೊಟ್ಟಳು.

ಆಗಸ್ಟ್ ೨೧, ಗುರುವಾರ
೨೮ ವಾರ ಚಿಲ್ಲರೆ

ಸ್ಕ್ಯಾನಿಂಗಿಗೆ ರಾಯಚೂರಿಗೆ ಹೋಗಿಬಂದೆವು. ಹಿಂದಿನ ಸೀಟಿನಲ್ಲಿ ಅಯ್ಯಮ್ಮನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದೆ. ಕುಲುಕಬಾರದೆಂದು ಅಂಬರೀಶ ಎಷ್ಟು ನಿಧಾನ ಓಡಿಸಿದರೆಂದರೆ ಕಲ್ಲೂರಿನ ಹತ್ತಿರ ಭತ್ತದ ಚೀಲ ಹೇರಿದ ಟ್ರ್ಯಾಕ್ಟರ್ ನಮ್ಮನ್ನು ಹಿಂದೆ ಹಾಕಿತು. ಟ್ರ್ಯಾಕ್ಟರಿನವನು ತಿರುಗಿ ನೋಡಿ ನಕ್ಕ. ಅಂಬರೀಶರೂ ನಕ್ಕರು. ಅವರು ನಕ್ಕದ್ದನ್ನು ನಾನು ಕೇಳಿ ಬಹಳ ದಿನವಾಗಿತ್ತು.

ಕತ್ತಲೆ ಕೋಣೆ, ಹೊಟ್ಟೆಯ ಮೇಲೆ ತಣ್ಣನೆಯ ಜೆಲ್ಲು. ಹಿಂದಿನ ಎರಡು ಸಲವೂ ನಾನು ಪರದೆ ನೋಡಿರಲಿಲ್ಲ, ಡಾಕ್ಟರ ಮುಖ ನೋಡುತ್ತಿದ್ದೆ. ಅಯ್ಯಮ್ಮ ನನ್ನ ಗದ್ದ ಹಿಡಿದು ಪರದೆಯ ಕಡೆ ತಿರುಗಿಸಿದಳು. ಕಪ್ಪಿನೊಳಗೆ ಬೂದಿ ಬಣ್ಣದ ಚುಕ್ಕಿಗಳು ಅಲುಗಿದವು, ಕೂಡಿದವು, ಒಂದು ಮುಖವಾದವು. ಅದು ಆಕಳಿಸಿತು! ಯಾರಿಗೋ ಕಾದು ಬೇಸರವಾದವರ ಹಾಗೆ ಬಾಯಿ ತೆರೆದು ಆಕಳಿಸಿತು.

ಡಾಕ್ಟರು ಅಳತೆಗಳನ್ನು ಓದಿ ಹೇಳುತ್ತಿದ್ದರು. ಬರೆದುಕೊಳ್ಳಬೇಕಿತ್ತು, ಅದಕ್ಕೆಂದೇ ಪೆನ್ನು ತಂದಿದ್ದೆ. ಚೀಟಿಯಲ್ಲಿ ಇರುತ್ತದೆ ಬಿಡು. ಆಕಳಿಸಿತು ಅದು.

ಸೆಪ್ಟೆಂಬರ್ ೯, ಮಂಗಳವಾರ

ಮುನ್ನೂರು ಜನರ ದೊಡ್ಡ ಕೂಟವೊಂದು ನಮ್ಮ ಮೇಲೆ ಯುದ್ಧ ಸಾರಿದೆ. ಮಲ್ಲೇಶ ಹಳಬರನ್ನೆಲ್ಲ ಸೇರಿಸಿ ದೊಡ್ಡ ಸಭೆ ಮಾಡಿದ. ಮೊದಲ ಮೂರು ದಿನದಲ್ಲೇ ಹಳಬರಲ್ಲಿ ಆರು ಜನ ಹಡಗು ಕಳೆದುಕೊಂಡರು. ತಮಗೆ ಎಲ್ಲ ಗೊತ್ತು ಎಂದು ನಿಲ್ಲಿಸಿಟ್ಟು ಮಲಗಿದವರು. ನನ್ನ ಹನ್ನೊಂದು ಜನರದು ಒಂದು ದೋಣಿಯೂ ಹೋಗಿಲ್ಲ. ಯಂಕೋಬ ಈಗ ಬಸ್ಸು ಹತ್ತುವ ಮೊದಲೇ ಕಳಿಸುತ್ತಾನೆ. ಬೂದೆಪ್ಪ ಗಿರಾಕಿ ನಿಂತಿದ್ದರೂ ‘ಒಂದ್ ನಿಮಿಷ ನಿಲ್ರಿ, ನಮ್ಮವು ಹೋಗಿ ಬರ್ತಾವ’ ಎನ್ನುತ್ತಾನಂತೆ. ಗುಂಪಿನ ಹೆಸರನ್ನು ಅವರೇ ‘ಕುರಿಗಳು’ ಎಂದು ಬದಲಿಸಿದ್ದಾರೆ. ನಾನು ಬೈದದ್ದು ಅವರಿಗೆ ಗೊತ್ತಿಲ್ಲ, ಅಯ್ಯಮ್ಮ ಹೊಗಳಿದ್ದು ಗೊತ್ತು.

ಮಲ್ಲೇಶ ಸಂಕೋಚದಿಂದ ಫೋನು ಮಾಡಿ ದಂಡನಾಯಕಿಯ ಜಾಗ ಮತ್ತೆ ವಹಿಸಿಕೊಳ್ಳಿ ಎಂದ. ಸಂಜೆ ಗುಲ್ಶನ್ ಬೇಗಂ ಅವರಿಗೆ ಹೊಸ ಹಡಗಿನ ನಕ್ಷೆ ಹೇಳಿಕೊಡುವುದಿದೆ, ಪುರಸೊತ್ತಿಲ್ಲ ಎಂದೆ.

ಕೂಸು ಬಲಗಡೆ ಒದೆಯುತ್ತದೆ. ಅಯ್ಯಮ್ಮ ಕೈಯಿಟ್ಟರೆ ನಿಲ್ಲಿಸುತ್ತದೆ, ಕೈ ತೆಗೆದರೆ ಶುರು.

ಸೆಪ್ಟೆಂಬರ್ ೨೪, ಬುಧವಾರ

ನನ್ನ ಗ್ರಹದ ಮೇಲೆ ಬೇಹಿನ ಹಡಗು ಹಾರಿತು. ನಿನ್ನೆಯೂ ಒಂದು ಹಾರಿತ್ತು. ದಾಳಿಗೆ ಮುಂಚೆ ವೈರಿಗಳು ಹೀಗೆ ಸಣ್ಣದೊಂದನ್ನು ಕಳಿಸಿ ನಮ್ಮಲ್ಲಿ ಏನೇನಿದೆ ನೋಡಿಕೊಳ್ಳುತ್ತಾರೆ. ನನ್ನಲ್ಲಿರುವುದು ನಾಲ್ಕು ವರ್ಷ ಕಟ್ಟಿದ ದಂಡು, ಕೂಟದ ಅರ್ಧ ಬಲ. ಅದು ಹೋದರೆ ದೋಆಬ್ ಮುಗಿದ ಹಾಗೆ.

ಅಯ್ಯಮ್ಮನಿಗೆ ತೋರಿಸಿದೆ. ಈಗೀಗ ಸಂಜೆ ನನ್ನ ಹಡಗನ್ನೂ ಅವಳೇ ಕಳಿಸುವುದು. ನನಗೆ ಫೋನು ಬಹಳ ಹೊತ್ತು ಹಿಡಿದರೆ ಕಣ್ಣು ಮಂಜಾಗುತ್ತದೆ. ಕುರಿಗಳ್ಳರೂ ಹೀಗೇ ಎಂದಳು.

“ಮೊದಲನೇ ದಿನ ನಾಯಿ ನೋಡ್ತಾನ. ಎರಡನೇ ದಿನ ಹಾದಿ ನೋಡ್ತಾನ. ಮೂರನೇ ದಿನ ಹಿಂಡು ನೋಡ್ತಾನ. ನಾಕನೇ ದಿನ ಬರ್ತಾನ.”

ಎಣಿಸಬಾರದೆನ್ನುವವಳು ಕಳ್ಳನ ದಿನವನ್ನು ಮಾತ್ರ ಎಣಿಸುತ್ತಾಳಲ್ಲ ಎಂದು ಛೇಡಿಸಿದೆ. ಕಳ್ಳನಿಗೆ ಕಣ್ಣು ತಾಗಲಿ ಬಿಡು ಎಂದಳು.

ಸೆಪ್ಟೆಂಬರ್ ೨೫, ಗುರುವಾರ

ಮೂರನೆಯದೂ ಹಾರಿತು. ನಾಳೆ ಹುಷಾರಿರಬೇಕು. ಮಧ್ಯಾಹ್ನದಿಂದ ಸೊಂಟ ಹಿಡಿದುಕೊಂಡಂತಿದೆ. ಮಲಗಿದ ಭಂಗಿ ಸರಿಯಿಲ್ಲವೇನೋ.

ಅಕ್ಟೋಬರ್ ೩, ಶುಕ್ರವಾರ. ರಾಯಚೂರು

ಆಸ್ಪತ್ರೆಯಲ್ಲಿ ಬರೆಯುತ್ತಿದ್ದೇನೆ. ಕೂತು ಬರೆಯುತ್ತಿದ್ದೇನೆ.

ಅವತ್ತು ಶುಕ್ರವಾರ ಹನ್ನೊಂದು ಗಂಟೆಗೆ ನೋವು ಶುರುವಾಯಿತು. ಅನುಮಾನಕ್ಕೆ ಜಾಗವೇ ಇಲ್ಲದ ನೋವು. ಅಂಬರೀಶ ಮಿಲ್ಲಿನಿಂದ ಹಾಗೆಯೇ, ಮೈಮೇಲೆ ತೌಡಿನ ಧೂಳು ಹೊತ್ತು ಓಡಿ ಬಂದರು. ನನ್ನನ್ನು ಎತ್ತಿ ಕಾರಿನಲ್ಲಿ ಮಲಗಿಸಿದರು. ಅತ್ತೆ ಮುಂದೆ ಕೂತು ಶಿವಶಿವಾ ಎನ್ನುತ್ತಿದ್ದರು. ಫೋನು, ಈ ನೋಟುಬುಕ್ಕು, ಎಲ್ಲ ಮಂಚದ ಮೇಲೆಯೇ ಉಳಿದವು. ಅಯ್ಯಮ್ಮ ಬರಲಿಲ್ಲ. ಬಾ ಎಂದು ನಾನು ಕೈಚಾಚಿದರೂ ಬರಲಿಲ್ಲ. ಕಾರಿನ ಬಾಗಿಲು ಹಿಡಿದು ನಿಂತಳು.

“ಬರ್ತೀನಿ ಅವ್ವಾ” ಎಂದೆ.

“ಬರ್ತೀನಿ ಅಲ್ಲ. ಹೋಗಿ ಬರ್ತೀವಿ ಅನ್ನು.”

ನನಗೆ ಅನ್ನಲಾಗಲಿಲ್ಲ. ಈ ಬಾಗಿಲಿನಿಂದ ಎರಡು ಸಲ ಇಬ್ಬರಾಗಿ ಹೋಗಿ ಒಬ್ಬಳೇ ಬಂದಿದ್ದೇನೆ. ಮೂರನೆಯ ಸಲ ಆ ಮಾತು ಆಡಿ ಸುಳ್ಳಾದರೆ? ಅಂಬರೀಶ ಗಾಡಿ ಶುರು ಮಾಡಿದರು. ಅವಳು ಬಾಗಿಲು ಬಿಡಲಿಲ್ಲ. ಅತ್ತೆ ಬೈದರು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

ಹೋಗಿ ಬರ್ತೀವಿ ಎಂದೆ. ಬಾಗಿಲು ಹಾಕಿದಳು.

ಆಸ್ಪತ್ರೆಯಲ್ಲಿ ಡಾಕ್ಟರ್ ಮೇಡಂ ಮೊದಲು ಕೇಳಿದ್ದು ಇವತ್ತಿಗೆ ಎಷ್ಟು ವಾರ, ಎಷ್ಟು ದಿನ ಎಂದು. ನನಗೆ ಗೊತ್ತಿರಲಿಲ್ಲ. ಅಂಬರೀಶ ನನ್ನನ್ನು ವಿಚಿತ್ರವಾಗಿ ನೋಡಿ, ಚೀಟಿ ಹುಡುಕಿ ಲೆಕ್ಕ ಹಾಕಿ ಹೇಳಿದರು: ಮೂವತ್ತಮೂರು ವಾರ ಐದು ದಿನ. ಮಗುವಿನ ಶ್ವಾಸಕೋಶ ಬಲಿಯಲೆಂದು ಸೂಜಿ ಕೊಟ್ಟು, ನೋವು ತಡೆಯುವ ಸಲೈನು ಹಾಕಿ, ಆದಷ್ಟು ತಡೆದುಕೊಳ್ಳಿ ಎಂದರು. ತಡೆದುಕೊಂಡೆ. ಸೋಮವಾರ ಬೆಳಿಗ್ಗೆ ಇನ್ನು ತಡೆಯಲಿಲ್ಲ.

ಹೆಣ್ಣು. ಅತ್ತಳು. ಹಿಂದಿನ ಎರಡು ಸಲ ಆ ಕೋಣೆಯಲ್ಲಿ ಇದ್ದ ಮೌನ ನನಗೆ ಮಾತ್ರ ಗೊತ್ತು. ಈ ಸಲ ಬೆಕ್ಕಿನ ಮರಿಯಷ್ಟು ಸಣ್ಣ ದನಿಯಲ್ಲಿ ಅತ್ತಳು, ನಾನು ಅದಕ್ಕಿಂತ ಜೋರಾಗಿ ಅತ್ತೆ. ನರ್ಸು ತೂಕ ಹೇಳಿದರು, ಮರೆತುಹೋಯಿತು. ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ. ದಿನಕ್ಕೆ ಮೂರು ಸಲ ಹೋಗಿ ನೋಡಲು ಬಿಡುತ್ತಾರೆ. ನನ್ನ ಕಿರುಬೆರಳನ್ನು ಅವಳ ಇಡೀ ಕೈ ಹಿಡಿಯುತ್ತದೆ. ಅಲ್ಲಿ ನಿಂತರೆ ನನಗೆ ಉಸಿರಾಡಲೂ ನೆನಪಾಗುವುದಿಲ್ಲ.

ನಿನ್ನೆ ಅಂಬರೀಶ ಫೋನು, ನೋಟುಬುಕ್ಕು ಎರಡನ್ನೂ ತಂದುಕೊಟ್ಟರು. ಆಗ ನೆನಪಾಯಿತು, ಶುಕ್ರವಾರವೇ ನಾಲ್ಕನೆಯ ದಿನ. ಬೂದಿಯಾಗಿರುತ್ತದೆ, ಆಗಲಿ, ಅದೇನು ದೊಡ್ಡದು ಎಂದುಕೊಂಡೇ ತೆರೆದೆ. ಶುಕ್ರವಾರ ಸಂಜೆ ಆರು ಗಂಟೆ ಹತ್ತು ನಿಮಿಷಕ್ಕೆ ವೈರಿಗಳು ಬಂದಿದ್ದರು, ನೂರಾರು ಹಡಗು. ನನ್ನ ಗ್ರಹ ಖಾಲಿ. ಬರಿಗೈಲಿ ಹೋಗಿದ್ದರು. ಹಾಗಾದರೆ ನನ್ನವು ಎಲ್ಲಿ?

ಗುಂಪಿನಲ್ಲಿ ಶುಕ್ರವಾರ ಮಧ್ಯಾಹ್ನದ ಧ್ವನಿ ಸಂದೇಶ ಒಂದಿತ್ತು. ಅಯ್ಯಮ್ಮನದು. ಇಲ್ಲಿ ಹಾಗೇ ಇಳಿಸಿಕೊಳ್ಳುತ್ತೇನೆ:

“ಯಪ್ಪಾ, ಯವ್ವಾ, ಎಲ್ಲಾರೂ ಕೇಳ್ರಿ. ಶೈಲಜವ್ವ ಹಡಿಯಾಕ ಹೋಗ್ಯಾಳ. ನಮ್ಮ ಕಡಿ ಒಂದು ಮನಿ ಹೆಣಮಗಳು ಹಡಿಯಾಕ ಹೋದ್ರ ಆ ಮನಿ ಹಿಂಡು ಒಂದ ಕಡಿ ಬಿಡಂಗಿಲ್ಲ, ನೆಂಟ್ರೆಲ್ಲಾ ಹಂಚಿಕೊಂಡು ಕಾಯ್ತಾರ. ಆಕಿ ಹಿಂಡು ನಿಮ್ಮ ನಿಮ್ಮ ಕಡಿ ಕಳಸಾಕತ್ತೀನಿ. ನಿಮ್ಮವು ನಡದಂಗ ಅವನ್ನೂ ನಡಸ್ರಿ. ಯಾರೂ ಎಣಸಬ್ಯಾಡ್ರಿ.”

ಮಿತ್ರರ ಗ್ರಹಕ್ಕೆ ಹಡಗು ಒಪ್ಪಿಸಬಹುದೆಂದು ಆಟದಲ್ಲಿ ಇದೆ. ನಾನು ಯಾವತ್ತೂ ಬಳಸಿರಲಿಲ್ಲ, ಕಲಿಸಿಯೂ ಇರಲಿಲ್ಲ. ನನ್ನ ಹಡಗನ್ನು ಇನ್ನೊಬ್ಬರ ಕೈಗೆ ಕೊಡುವ ಹೆಂಗಸು ನಾನಾಗಿರಲಿಲ್ಲ. ಅಯ್ಯಮ್ಮ ಮಂಚದ ಮೇಲಿದ್ದ ನನ್ನ ಫೋನಿನಲ್ಲಿ ಚಿತ್ರ ನೋಡಿ ನೋಡಿ ತಾನೇ ಕಂಡುಕೊಂಡಿದ್ದಾಳೆ. ಸಂದೇಶದ ಕೆಳಗೆ ಒಂದರ ಹಿಂದೆ ಒಂದು: ಕಳಸ್ರಿ. ಕಳಸ್ರಿ. ಕಳಸ್ರಿ. ಗುಲ್ಶನ್ ಬೇಗಂ ಅಂಗಡಿ ಬೇಗ ಮುಚ್ಚಿದ್ದಾರೆ. ಯಂಕೋಬ ಬಸ್ಸು ಬಿಟ್ಟು ಕ್ಯಾಂಪಸ್ಸಿನ ಗೇಟಿನಲ್ಲಿ ಕೂತಿದ್ದಾನೆ. ಆರು ದಿನ ಹನ್ನೊಂದು ಜನ ತಮ್ಮವುಗಳ ಜೊತೆ ನನ್ನವನ್ನೂ ನಡೆಸಿದ್ದಾರೆ. ಪ್ರತಿ ಸಂಜೆ ‘ನಮ್ಮವು, ಶೈಲಜಾ ಮೇಡಮ್ಮನವು, ಹೋಗಿ ಬರ್ತಾವ’ ಎಂದು ಬರೆದಿದ್ದಾರೆ. ತಲೆಯಿಲ್ಲದವರು ಎಂದಿದ್ದೆನಲ್ಲ ಇವರನ್ನು. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಇದೆಲ್ಲ ಹೇಗೆ ಆಯಿತೆಂದು ಬೆರಗಾಗಿ ಗೋಡೆ ನೋಡುತ್ತ ಕೂತೆ.

ಅಭ್ಯಾಸಬಲದಿಂದ ಎಷ್ಟು ಉಳಿದಿವೆ ಎಂದು ಕೂಡಿಸಲು ಹೋದೆ. ಎರಡು ಗ್ರಹ ಕೂಡಿಸಿ ಬಿಟ್ಟೆ. ಮೂರು ಗಂಟೆಯಾಗಿತ್ತು, ಕೂಸನ್ನು ನೋಡುವ ಹೊತ್ತು.

ಅಕ್ಟೋಬರ್ ೧೪, ಮಂಗಳವಾರ. ಮಾನ್ವಿ

ಮನೆಗೆ ಬಂದೆವು. ಮೊದಲು ಹಡಗಿನ ಸುದ್ದಿ ಬರೆದು ಮುಗಿಸುತ್ತೇನೆ, ಆಮೇಲೆ ಮುಖ್ಯದ್ದು. ಸಂಜೆ ಏಳಕ್ಕೆ ಹನ್ನೊಂದು ಕಡೆಯಿಂದ ಹನ್ನೊಂದು ಗೆರೆ ನನ್ನ ಗ್ರಹದ ಕಡೆ ಹೊರಟವು. ಅಂಬರೀಶ ಜೀವಮಾನದಲ್ಲಿ ಮೊದಲ ಸಲ ಆ ನಕ್ಷೆಯನ್ನು ಕೂತು ನೋಡಿದರು. ಅವರ ತೊಡೆಯ ಮೇಲೆ ಮಗಳು ಮಲಗಿದ್ದಳು. ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಗೀಟು ಆಗಸ್ಟಿನ ನಡುವೆಯೇ ನಿಂತುಹೋಗಿದೆ. ಮರೆತಿರಾ ಎಂದು ಕೇಳಿದರೆ, ನೀನು ನೆನಪಿಸುವುದು ಬಿಟ್ಟೆಯಲ್ಲ ಎಂದರು. ಇದ್ದರೂ ಇರಬಹುದು.

ಇನ್ನು ಬೆಳಗಿನದು. ಕಾರು ನಿಂತಾಗ ಅಯ್ಯಮ್ಮ ಹೊಸ್ತಿಲ ಹೊರಗೆ, ಹೋಗುವಾಗ ನಿಂತಿದ್ದ ಜಾಗದಲ್ಲೇ ನಿಂತಿದ್ದಳು. ಅತ್ತೆ ಆರತಿ ತರಲು ಒಳಗೆ ಓಡಿದರು. ಪಕ್ಕದ ಮನೆಯ ಹೆಂಗಸರು ಸುತ್ತ ನೆರೆದು ಎಷ್ಟು ತೂಕ, ಎಷ್ಟು ದಿನ ಮೊದಲು ಹುಟ್ಟಿತು ಎಂದು ಕೇಳತೊಡಗಿದರು. ಅಯ್ಯಮ್ಮ ಏನೂ ಕೇಳಲಿಲ್ಲ. ನನ್ನ ಕೈಯಿಂದ ಕೂಸನ್ನು ತೆಗೆದುಕೊಂಡು, ಬಟ್ಟೆ ಸರಿಸಿ, ಮುಖ ನೋಡಿದಳು. ಎಷ್ಟು ಹೊತ್ತು ನೋಡಿದಳೆಂದರೆ ಹೆಂಗಸರೆಲ್ಲ ತಾವಾಗಿಯೇ ಸುಮ್ಮನಾದರು. ಆಮೇಲೆ ನನ್ನ ಮುಖ ನೋಡಿದಳು.

“ಅದೀರಿ” ಎಂದಳು.

“ಬಂದೀವಿ ಅವ್ವಾ” ಎಂದೆ.